ಆರು ಗಾಜಿನ ಪಟ್ಟಿಗಳು

ನಮ್ಮವರು ಬಸ್ ಕಂಡಕ್ಟರ್ ಆಗಿದ್ದರು. ಅಫಜಲಪುರದಿಂದ ಆಳಂದಕ್ಕೆ ಹೋಗಿ ಬರುವ ಗಾಡಿಯ ಮೇಲೆ ಬಹಳ ವರ್ಷ ಅವರ ಡ್ಯೂಟಿ. ಅವರ ಕಣ್ಣು ಹಳದಿಯಾಗಿದೆ ಎಂದು ಮೊದಲು ಹೇಳಿದವಳು ನಾನಲ್ಲ, ಅವರನ್ನು ಹೆತ್ತ ನನ್ನ ಅತ್ತೆಯೂ ಅಲ್ಲ. ಟಿಕೆಟ್ ತೆಗೆದುಕೊಳ್ಳುವಾಗ ಅವರ ಮುಖ ನೋಡಿದ ಯಾರೋ ಒಬ್ಬ ಮುದುಕಿ.

"ಕಂಡಕ್ಟರಪ್ಪಾ, ಕಣ್ಣಾಗ ಅರಿಶಿಣ ಕಲಸ್ಕೊಂಡಿಯೇನೋ?" ಎಂದಳಂತೆ.

"ಹೌದ್ ಬೇ ಯವ್ವಾ, ಇನ್ನೊಂದ್ ಲಗ್ನ ಗೊತ್ತಾಗೇದ. ಅಕ್ಕಿಕಾಳ ಹಾಕಾಕ ಬರ್ತಿಯೇನು?" ಎಂದು ಇವರು ಉತ್ತರ ಕೊಟ್ಟರಂತೆ. ಇಡೀ ಬಸ್ಸು ನಕ್ಕಿತಂತೆ.

ಸಂಜೆ ಮನೆಗೆ ಬಂದು ಅದನ್ನೇ ಹೇಳಿ ಮತ್ತೆ ನಕ್ಕರು. ನಾನು ನಗಲಿಲ್ಲ. ಬಾಗಿಲ ಬೆಳಕಿಗೆ ಕರೆದು, ಕೆಳರೆಪ್ಪೆ ಎಳೆದು ನೋಡಿದೆ. ಮುದುಕಿ ಹೇಳಿದ್ದು ಖರೆ. ದಿನಕ್ಕೆ ಎರಡು ಹೊತ್ತು ಎದುರು ಕುಳಿತು ರೊಟ್ಟಿ ಬಡಿಸುವ ನನಗೆ ಕಾಣದ್ದು, ನಾಲ್ಕು ಸ್ಟಾಪ್ ದೂರ ಹೋಗುವ ಪ್ಯಾಸೆಂಜರಿಗೆ ಕಂಡಿತ್ತು. ಅವರು ಹೋಗಿ ಬಹಳ ವರ್ಷವಾಯಿತು. ಅವರನ್ನು ನೆನೆದಾಗ ಈಗಲೂ ಮೊದಲು ನೆನಪಾಗುವುದು ಅದೇ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಾನು ಏಳನೆಯ ಇಯತ್ತೆ ಓದಿದವಳು. ದವಾಖಾನೆಯವರು ಹೇಳಿದ್ದರಲ್ಲಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ನಮಗೆ ಮಕ್ಕಳಾಗಿರಲಿಲ್ಲ. ಅಫಜಲಪುರದ ಮನೆಯಲ್ಲಿ ಇದ್ದವರು ಮೂವರೇ: ನಮ್ಮವರು, ಅತ್ತೆ, ನಾನು.

ನಮ್ಮ ಕಡೆ ಕಣ್ಣು ಹಳದಿಯಾಗುವ ಬೇನೆಗೆ ಕಾಮಣಿ ಎನ್ನುತ್ತಾರೆ. ಕಾಮಣಿ ಆದವನನ್ನು ಜನ ಎರಡು ಮಾತು ಕೇಳುತ್ತಾರೆ. ಔಷಧ ಎಲ್ಲಿ ಹಾಕಿಸಿದಿ, ದಿನಾ ಎಷ್ಟು ಕುಡಿಯುತ್ತಿ. ನಮ್ಮವರು ಒಂದು ದಿನವೂ ಸೆರೆ ಮುಟ್ಟಿದವರಲ್ಲ. ಅದು ಓಣಿಗೆಲ್ಲ ಗೊತ್ತಿತ್ತು. ಆದರೂ ನಳದ ಹತ್ತಿರ ನೀರಿಗೆ ನಿಂತಾಗ ಒಬ್ಬಾಕೆ, ಅತ್ತೆಗೆ ಕೇಳಲಿ ಎಂದೇ, ಅಂದಳು: "ಅಪ್ಪನ ಗುಣ ಮಗಗ ಬರಲಾರದ ಇರ್ತದೇನ್ರಿ? ಹಿಂದ ಬಂದದ್ದು ಈಗ ಕಣ್ಣಾಗ ಕಾಣಾಕತ್ತೇದ."

ಅತ್ತೆ ಅರ್ಧ ತುಂಬಿದ ಕೊಡವನ್ನು ಕೆಳಗಿಟ್ಟರು. "ನನ್ನ ಮಗನ ಬಾಯಿ ಮೂಸಿ ನೋಡು ಬಾ. ಆಮ್ಯಾಲ ನಿನ್ನ ಗಂಡನ ಬಾಯಿ ಮೂಸಿ ನೋಡೋಣು," ಎಂದರು. ಆಕೆ ತನ್ನ ಕೊಡ ಎತ್ತಿಕೊಂಡು ಹೊರಟಳು. ಅತ್ತೆ ಆ ಅರ್ಧ ಕೊಡವನ್ನೇ ಹೊತ್ತು ಮನೆಗೆ ಬಂದರು.

ನನ್ನ ಮಾವನವರು ಕುಡಿದೇ ಸತ್ತವರು. ನಾನು ಅವರನ್ನು ನೋಡಿಲ್ಲ. ಅತ್ತೆ ಅವರ ಬಗ್ಗೆ ಮಾತಾಡುತ್ತಿದ್ದುದೇ ಕಡಿಮೆ. ಆದರೆ ನಾನು ಮದುವೆಯಾಗಿ ಬಂದ ವಾರದಲ್ಲೇ, "ಈ ಹೊಸ್ತಿಲ ದಾಟಿ ಯಾವ ದೇವ್ರರ ಬರ್ಲಿ, ಸೆರಿ ಬರಂಗಿಲ್ಲ ಬೇ," ಎಂದು ಹೇಳಿದ್ದರು. ಕೆಮ್ಮಿಗೆ ಸಿರಪ್ ತಂದರೂ ಮುಚ್ಚಳ ತೆಗೆದು ಮೂಸಿ ನೋಡುವರು. ವಾಸನೆ ಸೇರದಿದ್ದರೆ ಆ ಬಾಟಲಿ ಮರುದಿನ ಮನೆಯಲ್ಲಿ ಇರುತ್ತಿರಲಿಲ್ಲ.

ಮೊದಲು ನಾವೂ ಎಲ್ಲರಂತೆ ನಾಟಿ ಔಷಧಕ್ಕೇ ಹೋದೆವು. ಜೇವರ್ಗಿ ತಾಲೂಕಿನ ನೆಲೋಗಿಯ ಕಡೆ ಕಾಮಣಿಗೆ ಎಲೆರಸ ಕೊಡುವ ಮುದುಕರೊಬ್ಬರಿದ್ದರು. ಎರಡು ಐತವಾರ ಹೋಗಿ ಮಜ್ಜಿಗೆಯಲ್ಲಿ ರಸ ಕುಡಿದು ಬಂದರು. ಎಣ್ಣೆ ಬಿಟ್ಟರು, ಖಾರ ಬಿಟ್ಟರು. ಹಳದಿ ಇಳಿಯುವ ಬದಲು ಏರಿತು. ಮೈಯೆಲ್ಲ ತುರಿಕೆ. ಟಿಕೆಟ್ ಹರಿಯುವ ಕೈಯಿಂದಲೇ ಮೊಣಕೈ ಕೆರೆದು ಕೆರೆದು ಗಾಯ ಮಾಡಿಕೊಂಡಿದ್ದರು. ಮೂರನೆಯ ಐತವಾರ ಆ ಮುದುಕರು ರಸ ಕೊಡಲಿಲ್ಲ. ಗಾಯ ನೋಡಿದರು, ಹೊರಕಡೆ ಯಾವ ಬಣ್ಣಕ್ಕೆ ಆಗುತ್ತಿದೆ ಎಂದು ವಿಚಾರಿಸಿದರು. ಸುಣ್ಣದ ಹಾಗೆ ಎಂದು ನಮ್ಮವರು ಹೇಳಿದಾಗ, "ನನ್ನ ಎಲಿಗಿ ಇಳಿಯೋ ಕಾಮಣಿ ಇದಲ್ಲ ತಮ್ಮಾ. ಒಳಗ ಎಲ್ಲೋ ದಾರಿ ಕಟ್ಟೇದ. ದೊಡ್ಡ ದವಾಖಾನಿಗಿ ಹೋಗು, ತಡ ಮಾಡಬ್ಯಾಡ," ಎಂದರು. ಆ ಹಿರಿಯರಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಅವರು ಹೇಳಿದ್ದೇ ನಿಜವಾಯಿತು. ಗುಲಬರ್ಗಾದಲ್ಲಿ ಸ್ಕ್ಯಾನ್ ಮಾಡಿದವರು, ಪಿತ್ತ ಲಿವರಿನಿಂದ ಕರುಳಿಗೆ ಇಳಿಯುವ ನಾಳ ಮೇಲ್ಗಡೆಯೇ ಕಟ್ಟಿಕೊಂಡಿದೆ ಎಂದರು. ಹೈದರಾಬಾದಿಗೆ ಕಳಿಸಿದರು. ಅಲ್ಲಿ ಬಾಯಿಯಿಂದ ಉದ್ದನೆಯ ಕೊಳವೆ ಇಳಿಸಿ, ನಾಳದೊಳಗೆ ಒಂದು ಪ್ಲಾಸ್ಟಿಕ್ ನಳಿಕೆ ಕೂಡಿಸಿ ಪಿತ್ತಕ್ಕೆ ದಾರಿ ಮಾಡಿದರು. ಹಾಗೆ ಮಾಡುವಾಗಲೇ ತಂತಿಯಷ್ಟು ಸಣ್ಣ ಬ್ರಷ್ ಒಂದರಿಂದ ನಾಳದ ಒಳಗೋಡೆಯನ್ನು ಉಜ್ಜಿ, ಅದಕ್ಕೆ ಅಂಟಿ ಬಂದದ್ದನ್ನು ಗಾಜಿನ ಪಟ್ಟಿಗಳ ಮೇಲೆ ಸವರಿದರು. ನಮ್ಮವರಿಗೆ ಆಮೇಲೆ ಮೂರು ದಿನ ಚಳಿಜ್ವರ. ಹಾಸಿಗೆ ನಡುಗುವಷ್ಟು ಚಳಿ. ಜ್ವರ ಬಿಟ್ಟ ದಿನ ನನ್ನ ಕೈ ಹಿಡಿದು, "ಇನ್ನೊಮ್ಮಿ ಆ ನಳಿಗಿ ನುಂಗು ಅಂದ್ರ ನಾ ಒಲ್ಲೆ ನೋಡು. ಸಾಯ್ತೇನಿ, ನುಂಗಂಗಿಲ್ಲ," ಎಂದರು.

"ಇನ್ನೊಮ್ಮಿ ಯಾಕ ನುಂಗಸ್ತಾರ್ರಿ? ಆತಲ್ಲ," ಎಂದೆ ನಾನು.

ಆ ದವಾಖಾನೆಯಲ್ಲಿ ಬೀದರ್ ಕಡೆಯ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದಳು. ಅವಳೇ ನಮಗೆ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದಳು.

"ಗಾಜಿನ ಮ್ಯಾಲಿನ ಕೋಶ ನೋಡೇವ್ರಿ. ಕೆಲವೊಂದು ಕೆಟ್ಟಂಗ ಕಾಣ್ತಾವ. ಆದ್ರ ಬಾವು ಬಂದು ಕೆರಳಿದ ಕೋಶನೂ ಹಂಗೇ ಕಾಣ್ತದ. ಕ್ಯಾನ್ಸರ್ ಹೌದಂತೂ ಹೇಳಾಕ ಬರಂಗಿಲ್ಲ, ಅಲ್ಲಂತೂ ಹೇಳಾಕ ಬರಂಗಿಲ್ಲ."

"ಹೌದಾದ್ರ?"

"ಹೌದಾದ್ರ ಲಿವರಿನ ಅರ್ಧ ಭಾಗನೇ ತೆಗೀಬೇಕಾಗ್ತದ. ದೊಡ್ಡ ಆಪರೇಷನ್, ಎಲ್ಲಾರೂ ಎದ್ದು ಬರಂಗಿಲ್ಲ. ಬರೀ ಬಾವಾಗಿದ್ರ ಈ ನಳಿಗೀನೇ ಸಾಕು. ಸುಮ್ಮನ ಕೊಯ್ಯಾಕ ದೊಡ್ಡ ಡಾಕ್ಟರಿಗೂ ಮನಸ್ಸಿಲ್ಲ, ಸುಮ್ಮನ ಬಿಡಾಕೂ ಮನಸ್ಸಿಲ್ಲ."

ಅದಕ್ಕೊಂದು ಹೊಸ ಪರೀಕ್ಷೆ ಮುಂಬಯಿಯ ಒಂದು ಲ್ಯಾಬಿನಲ್ಲಿ ಮಾಡುತ್ತಾರೆ ಎಂದಳು. ಬಣ್ಣ ಹಚ್ಚದೆ ಉಳಿಸಿದ್ದ ಆರು ಗಾಜಿನ ಪಟ್ಟಿಗಳು ಅವರಲ್ಲಿದ್ದವು. ಅವನ್ನು ಅಗಲ ಬಾಯಿಯ ಒಂದು ಶೀಸೆಯಲ್ಲಿ ಸ್ಪಿರಿಟ್ಟಿನೊಳಗೆ ಮುಳುಗಿಸಿ, ಮುಚ್ಚಳ ಬಿಗಿದು, ಚೀಟಿ ಬರೆದು ನನ್ನ ಕೈಗೆ ಕೊಟ್ಟಳು. ಈ ಸ್ಪಿರಿಟ್ ಕೋಶಗಳನ್ನು ಇದ್ದ ಹಾಗೇ ಗಾಜಿಗೆ ಹಿಡಿದಿಡುತ್ತದೆ, ಗಾಜು ಒಣಗಬಾರದು, ಶೀಸೆ ತೆರೆಯಬಾರದು ಎಂದು ಮೂರು ಸಲ ಹೇಳಿದಳು. ಒಣಗಬಾರದು, ತೆರೆಯಬಾರದು ಎಂದು ನಾನೂ ಮೂರು ಸಲ ಒಪ್ಪಿಸಿದೆ.

ಅಂದು ಶುಕ್ರವಾರ. ಮುಂಬಯಿಯ ಲ್ಯಾಬು ಸೋಮವಾರ ತೆರೆಯುತ್ತಿತ್ತು. ನಡುವೆ ಊರಿಗೆ ಬಂದು, ಡಿಪೋದಲ್ಲಿ ರಜೆ ಅರ್ಜಿ ಕೊಟ್ಟು, ಅತ್ತೆಗೆ ಮುಖ ತೋರಿಸಿ, ಅಕ್ಕಲಕೋಟ ದಾರಿಯಿಂದ ಸೊಲ್ಲಾಪುರಕ್ಕೆ ಹೋಗಿ ರೈಲು ಹತ್ತುವುದು ಎಂದು ನಮ್ಮವರೇ ಲೆಕ್ಕ ಹಾಕಿದರು. ಕಂಡಕ್ಟರರಲ್ಲವೇ, ಯಾವ ಗಾಡಿ ಎಲ್ಲಿ ಕೂಡುತ್ತದೆ ಎಂಬುದು ಅವರಿಗೆ ಬಾಯಿಪಾಠ.

ಶನಿವಾರ ಸಂಜೆ ಮನೆ ಮುಟ್ಟಿದೆವು. ಮಗನ ಕಣ್ಣು ಸ್ವಲ್ಪ ಬೆಳ್ಳಗಾದದ್ದನ್ನು ನೋಡಿ ಅತ್ತೆಯ ಮುಖ ಅರಳಿತು. ನಾನು ಶೀಸೆ ತೋರಿಸಿ, "ಅತ್ತೀ, ಇದರಾಗ ನಿಮ್ಮ ಮಗನ ಪಿತ್ತದ ನಾಳದಾಗಿಂದು ತೆಗೆದದ್ದು ಅದ. ಮುಂಬಯಿಗಿ ಒಯ್ಯಬೇಕು. ಭಾಳ ಜ್ವಾಕಿ," ಎಂದೆ. ಜೋಪಾನವಾಗಿರಬೇಕಾದ ವಸ್ತು ಎಲ್ಲಿರಬೇಕೋ ಅಲ್ಲಿಯೇ, ದೇವರ ಜಗಲಿಯ ಮೇಲೆ, ಅತ್ತೆ ಅದನ್ನು ತಮ್ಮ ಕೈಯಾರೆ ಇಟ್ಟರು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಡಿಪೋಗೆ ಹೋದೆವು. ಅವರೊಬ್ಬರೇ ಹೋಗಬಹುದಿತ್ತು, ನಿಲ್ಲಲು ನಿಶ್ಶಕ್ತಿ ಎಂದು ನಾನೂ ಹೋದೆ. ಮಧ್ಯಾಹ್ನ ಬಂದಾಗ ಅತ್ತೆ ರೊಟ್ಟಿ, ಶೇಂಗಾದ ಹಿಂಡಿ ಕಟ್ಟಿಟ್ಟಿದ್ದರು. ಶೀಸೆಗೆ ಒಂದು ಬಿಳಿ ಅರಿವೆ ಸುತ್ತಿ ಗಂಟು ಹಾಕಿದ್ದರು. ಮಗನ ಹಣೆಗೆ ವಿಭೂತಿ ಹಚ್ಚಿ, "ಹೋಗಿ ಬರ್ರಿ. ಇನ್ನ ಏನೂ ಆಗಂಗಿಲ್ಲ," ಎಂದರು. ತಾಯಿ ಹರಸುವ ಮಾತು ಎಂದುಕೊಂಡೆ.

ಮುಂಬಯಿಯ ಲ್ಯಾಬಿನಲ್ಲಿ ನಮ್ಮನ್ನು ವಿಚಾರಿಸಿದವಳು ಒಬ್ಬ ಮರಾಠಿ ಹೆಂಗಸು. ಬಿಳಿ ಕೋಟು, ತಲೆಯಲ್ಲಿ ಅಬ್ಬಲಿ ಹೂವು. ಅಕ್ಕಲಕೋಟದ ಪ್ಯಾಸೆಂಜರರ ಜೊತೆ ಮಾತಾಡಿ ಮಾತಾಡಿ ನಮ್ಮವರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ನನಗೆ ತಿಳಿಯುವಷ್ಟು ತಿಳಿಯುತ್ತಿತ್ತು. ಅವಳು ಅರಿವೆ ಬಿಚ್ಚಿದಳು, ಮುಚ್ಚಳ ತಿರುವಿದಳು, ಮೂಗಿನ ಹತ್ತಿರ ತಂದಳು. ಹುಬ್ಬು ಗಂಟಾಯಿತು. ಚಿಮಟಿಗೆ ತೆಗೆದುಕೊಂಡು ಶೀಸೆಯೊಳಗಿಂದ ಏನನ್ನೋ ಎತ್ತಿ ಹಿಡಿದಳು.

ಮೂರೆಸಳಿನ ಒಂದು ಬಿಲ್ವಪತ್ರೆ. ನೆನೆದು ಮೆತ್ತಗಾಗಿತ್ತು.

"ಹೇ ಕಾಯ್?" ಎಂದಳು. ಏನಿದು?

ಶೀಸೆಯಲ್ಲಿ ಸ್ಪಿರಿಟ್ ಇರಲಿಲ್ಲ, ನೀರಿತ್ತು. ನೀರು ಸ್ವಲ್ಪ ಕದಡಿತ್ತು. ಅವಳು ಒಂದು ಗಾಜನ್ನು ಎತ್ತಿ ಬೆಳಕಿಗೆ ಹಿಡಿದಳು, ಇನ್ನೊಂದನ್ನು ಹಿಡಿದಳು. ಆರನ್ನೂ ನೋಡಿದಳು. ಹೈದರಾಬಾದಿನಲ್ಲಿ ನಾನು ನೋಡಿದಾಗ ಗಾಜಿನ ಮೇಲೆ ಹಾಲಿನ ಕೆನೆಯಂಥ ತೆಳು ಕಲೆ ಇತ್ತು. ಈಗ ತೊಳೆದ ಕನ್ನಡಕದ ಹಾಗೆ ಸ್ವಚ್ಛವಾಗಿತ್ತು. ಕೋಶಗಳು ಬಿಟ್ಟುಹೋಗಿವೆ, ಉಳಿದವೂ ಉಬ್ಬಿ ಹಾಳಾಗಿವೆ, ಇದರಲ್ಲಿ ನೋಡಲು ಏನೂ ಇಲ್ಲ ಎಂದಳು.

ನಾವು ಮುಟ್ಟಿಲ್ಲ, ದೇವರಾಣೆ ಮುಟ್ಟಿಲ್ಲ ಎಂದು ನಾನು ಕನ್ನಡದಲ್ಲೇ ಬಡಬಡಿಸಿದೆ. ನಮ್ಮವರು ಚಿಮಟಿಗೆಯ ತುದಿಯ ಎಲೆಯನ್ನೇ ನೋಡುತ್ತಿದ್ದರು. ಆಮೇಲೆ ಮರಾಠಿಯಲ್ಲಿ ನಿಧಾನಕ್ಕೆ ಹೇಳಿದರು: "ತಪ್ಪು ನನ್ನದು ಬಾಯಿ. ದಾರಿಯಲ್ಲಿ ಮುಚ್ಚಳ ಸಡಲಿ ಚೆಲ್ಲಿತು. ಒಣಗಬಾರದೆಂದು ನಾನೇ ನೀರು ಹಾಕಿದೆ."

ಆಕೆ ಬಹಳ ಹೊತ್ತು ಬೈದಳು. ನಮ್ಮವರ ಕೆಲಸ ಏನೆಂದು ಕೇಳಿ, ಓದಿದವರಲ್ಲವೇ ನೀವು, ಅಂಗಿಯ ಮೇಲೆ ಸರಕಾರದ ಬಿಲ್ಲೆ ಹಾಕಿಕೊಳ್ಳುವವರು ಎಂದಳು. ನಮ್ಮವರು ಚೆಕಿಂಗ್ ಸಾಹೇಬರ ಮುಂದೆ ನಿಂತವರ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ಬೈದು ಮುಗಿದ ಮೇಲೆ ಆಕೆಗೇ ಪಾಪವೆನಿಸಿತೋ ಏನೋ, ಕುಡಿಯಲು ನೀರು ತರಿಸಿದಳು. ಮತ್ತೊಮ್ಮೆ ಬ್ರಷ್ ಮಾಡಿಸಿ ತನ್ನಿ, ಈ ಸಲ ನಾನೇ ಕೂತು ಮಾಡಿಕೊಡುತ್ತೇನೆ ಎಂದಳು.

ಹೊರಗೆ ಬಂದು ಒಂದು ಕಟ್ಟೆಯ ಮೇಲೆ ಕುಳಿತೆವು.

"ನಿಮ್ಮವ್ವನೇ," ಎಂದೆ.

"ಹೂಂ. ಆ ನೀರ ಘತ್ತರಗಿದು. ಭೀಮಾ ನದೀದು. ಭಾಗ್ಯವಂತಿ ಗುಡಿಗಿ ಹೋದಾಗ ತಂಬಗಿ ತುಂಬ್ಕೊಂಡು ಬಂದು ಜಗಲಿ ಮ್ಯಾಲ ಇಟ್ಟಿರ್ತಾಳಲ್ಲ, ಅದು." ಅಷ್ಟು ಹೇಳಿ ಅವರಿಗೆ ನಗು ಬಂತು. ಭುಜ ಅಲುಗುವ ಹಾಗೆ ನಕ್ಕರು. "ಮಗನ ಪಿತ್ತ ಸೆರ್‍ಯಾಗ ಮುಳುಗಿಸ್ಯಾರ ಅಂತ ಅಕೀ ಜೀವ ಎಷ್ಟ್ ಒದ್ದ್ಯಾಡಿರಬೇಕು ನೋಡು. ಸೆರಿ ಚೆಲ್ಲಿ, ಗಂಗಿ ಹಾಕಿ, ಮ್ಯಾಲ ಪತ್ರಿ ಬ್ಯಾರೆ ಏರಿಸ್ಯಾಳ."

"ನೀವು ನಗಾಕತ್ತೀರಿ. ಮತ್ತ ಆ ನಳಿಗಿ ನುಂಗೋರ್‍ಯಾರು?"

"ನಾನೇ."

"ಸಾಯ್ತೇನಿ ಅಂದಿದ್ರಿ."

"ಅಂದಿದ್ದೆ. ಅನ್ನೋದೇನು, ನಾಲಿಗಿಗಿ ಎಲುಬು ಅದೇನು?"

ಊರಿಗೆ ಹೋದ ಕೂಡಲೇ ಅತ್ತೆಗೆ ನಾಲ್ಕು ಮಾತು ಕೇಳುತ್ತೇನೆ ಎಂದೆ. ಅವರು ನಗುವುದನ್ನು ನಿಲ್ಲಿಸಿದರು.

"ಕೇಳಬ್ಯಾಡ. ಇಲ್ಲಿ ನೋಡು ಬೇ, ನಾ ಸಣ್ಣವ ಇದ್ದಾಗ ನಮ್ಮಪ್ಪ ಎಲ್ಲೆಲ್ಲಿ ಬಾಟ್ಲಿ ಮುಚ್ಚಿಡ್ತಿದ್ದ, ಅವ್ವ ಹುಡುಕಿ ಹುಡುಕಿ ಚೆಲ್ಲತಿದ್ಲು. ಜ್ವಾಳದ ಗುಮ್ಮಿಯಾಗಿಂದ, ಕಣಕಿ ಬಣಿವ್ಯಾಗಿಂದ. ಚೆಲ್ಲಿದ್ದಕ್ಕ ಹೊಡಸ್ಕೋತಿದ್ಲು. ಮರುದಿನ ಮತ್ತ ಚೆಲ್ಲತಿದ್ಲು. ಜೀವಮಾನ ಪೂರಾ ಚೆಲ್ಲಿದ ಬಾಟ್ಲ್ಯಾಗ ಇದೊಂದೇ ತಪ್ಪು ಬಾಟ್ಲಿ. ಇದೊಂದಕ್ಕ ಅಕಿಗಿ ಸಿಕ್ಷಾ ಬ್ಯಾಡ. ನನಗ ಮಾತ್ ಕೊಡು."

ಕೊಟ್ಟೆ. ಕೊಡಬಾರದಿತ್ತು ಎಂದು ಆಗ ಅನ್ನಿಸಿತ್ತು.

ಮತ್ತೆ ಹೈದರಾಬಾದು. ನಳಿಕೆ ಬದಲಿ ಮಾಡಬೇಕಂತೆ ಎಂದಷ್ಟೇ ಅತ್ತೆಗೆ ಹೇಳಿದೆವು. ದಿನ ಸಿಕ್ಕಲು ಮೂರು ವಾರ ಕಾಯಬೇಕಾಯಿತು. ಆ ಮೂರು ವಾರವೂ ನಾನು ಅತ್ತೆಯ ಕೈಯಿಂದ ತಾಟು ಇಸಿದುಕೊಂಡೆ, ಹೂಂ, ಊಹೂಂ ಎಂದೆ, ಮುಖ ನೋಡಿ ಮಾತಾಡಲಿಲ್ಲ. ಎರಡನೆಯ ಸಲವೂ ಅದೇ ಕೊಳವೆ, ಅದೇ ಚಳಿಜ್ವರ. ಒಳಗೆ ಕರೆದೊಯ್ಯುವಾಗ ಅವರು ನನ್ನನ್ನು ನೋಡಿ ಬಾಯಲ್ಲಿ ಸೀಟಿ ಊದುವ ಹಾಗೆ ತುಟಿ ಮಾಡಿದರು. ರೈಟ್, ಗಾಡಿ ಬಿಡು ಎಂದು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಈ ಸಲ ಶೀಸೆ ಅವರ ತೊಡೆಯ ಮೇಲಿಂದ ಇಳಿಯಲಿಲ್ಲ. ರೈಲು ಗುಲಬರ್ಗಾ ಸ್ಟೇಶನ್ನಿನಲ್ಲಿ ನಿಂತಾಗಲೂ ಚಹಾಕ್ಕೆ ಎಂದು ಕೆಳಗಿಳಿಯಲಿಲ್ಲ. ಊರಿನವರು ಯಾರಾದರೂ ಕಂಡು ಮಾತಿಗೆ ಹಿಡಿದಾರು ಎಂದು ಮೋರೆ ಒಳಗೆಳೆದುಕೊಂಡು ಕುಳಿತರು.

ಲ್ಯಾಬಿನ ಆ ಹೆಂಗಸು ಮಾತಿಗೆ ತಪ್ಪಲಿಲ್ಲ. ಎರಡು ದಿನ ಬೇಕು ಎಂದಳು. ನಮ್ಮವರು ಸುಮ್ಮನೆ ಹೋಗುವವರಲ್ಲ. ಏನು ಮಾಡುತ್ತೀರಿ, ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಆಕೆ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ನಮ್ಮ ಒಂದೊಂದು ಕೋಶದ ನಡುವೆ ಒಂದು ಬೀಜದಂಥದ್ದು ಇರುತ್ತದೆ. ಅಲ್ಲಿ ಒಂದು ಬಗೆಯ ಪ್ರೋಟೀನು ಕಾವಲುಗಾರನ ಕೆಲಸ ಮಾಡುತ್ತದೆ. ಒಳ್ಳೆಯ ಕೋಶದಲ್ಲಿ ಅದು ಹುಟ್ಟುತ್ತದೆ, ಕೆಲಸ ಮಾಡಿ ಬೇಗನೆ ಕರಗುತ್ತದೆ, ಕಣ್ಣಿಗೆ ಬೀಳುವಷ್ಟು ಉಳಿಯುವುದಿಲ್ಲ. ಕ್ಯಾನ್ಸರಿಗೆ ತಿರುಗಿದ ಎಷ್ಟೋ ಕೋಶಗಳಲ್ಲಿ ಆ ಪ್ರೋಟೀನೇ ಕೆಟ್ಟು, ಕರಗದೆ ರಾಶಿ ಬೀಳುತ್ತದೆ. ಅದನ್ನು ಮಾತ್ರ ಹುಡುಕಿ ಹಿಡಿಯುವ ಒಂದು ಔಷಧ ಹಾಕುತ್ತಾರೆ. ಮದುವೆ ಮನೆಯಲ್ಲಿ ಒಂದು ಮನೆತನದ ಹೆಸರು ಹಿಡಿದು ಕೂಗಿದರೆ ಆ ಮನೆಯವರು ಮಾತ್ರ ತಿರುಗುತ್ತಾರಲ್ಲ, ಹಾಗೆ. ಆಮೇಲೆ ಬಣ್ಣ ಹಾಕಿದರೆ ಔಷಧ ಹಿಡಿದಲ್ಲಿ ಕಂದು ಬಣ್ಣ ಏಳುತ್ತದೆ.

"ಕಂದು ಬಂದರೆ ನಂಬಬಹುದು," ಎಂದಳು ಆಕೆ. "ಬರಲಿಲ್ಲ ಎಂದರೆ ಕ್ಯಾನ್ಸರ್ ಇಲ್ಲವೆಂದು ನಾನು ಬರೆದುಕೊಡಲಾರೆ. ಕೆಲವು ಕ್ಯಾನ್ಸರಿನಲ್ಲಿ ಅದು ಕಾಣುವುದೇ ಇಲ್ಲ."

ಆ ಎರಡು ದಿನ ಒಂದು ಛತ್ರದಲ್ಲಿ ಉಳಿದೆವು. ಬರಬಾರದು, ಬರಬಾರದು ಎಂದು ನಾನು ಲಿಂಗಪೂಜೆಗೆ ಕುಳಿತಾಗಲೆಲ್ಲ ಬೇಡಿದೆ. ಅವರು ಏನು ಬೇಡಿದರೋ ನನಗೆ ಹೇಳಲಿಲ್ಲ.

ಬಂದಿತ್ತು. ಆಕೆ ಹೇಳುವ ಮೊದಲೇ ಅವಳು ಕುರ್ಚಿ ಎಳೆದುಕೊಟ್ಟ ರೀತಿಯಲ್ಲಿ ಗೊತ್ತಾಯಿತು. ನಮ್ಮವರು ನೋಡಬಹುದೇ ಎಂದು ಕೇಳಿದರು. ಆಕೆ ಸ್ವಲ್ಪ ಅನುಮಾನಿಸಿ, ಮೈಕ್ರೋಸ್ಕೋಪಿನ ಮುಂದೆ ಅವರನ್ನು ಕೂಡಿಸಿದಳು. ಅವರು ಬಹಳ ಹೊತ್ತು ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ನನಗೂ ತೋರಿಸಿದರು. ತಿಳಿ ನೀಲಿ ಚುಕ್ಕೆಗಳ ಗುಂಪು, ಜೋಳ ಚೆಲ್ಲಿದ ಹಾಗೆ ಸಾಲಾಗಿ, ಚಂದವಾಗಿ. ಅವುಗಳ ಪಕ್ಕದಲ್ಲಿ ಒಂದರ ಮೇಲೊಂದು ನುಗ್ಗಿ ಬಿದ್ದ ಇನ್ನೊಂದು ಗುಂಪು. ಆ ಗುಂಪಿನ ಬೀಜಗಳೆಲ್ಲ ಹೊಸ ಬೆಲ್ಲದ ಬಣ್ಣ.

"ಟಿಕೆಟ್ ಇಲ್ಲದ ಹತ್ತ್ಯಾವ ನೋಡು," ಎಂದರು ನಮ್ಮವರು ನನ್ನ ಕಿವಿಯ ಹತ್ತಿರ. "ಅದಕ್ಕೇ ಹಿಂದಿನ ಸೀಟ್‌ನ್ಯಾಗ ಹಿಂಗ ಗದ್ದಲ ಮಾಡಾಕತ್ತ್ಯಾವ."

ನಾನು ಅವರ ಹೆಗಲಿಗೆ ಹಣೆ ಹಚ್ಚಿದೆ. ಪರ ಊರು, ಪರ ಹೆಂಗಸಿನ ಮುಂದೆ, ನಾಚಿಕೆ ಅನ್ನಿಸಲಿಲ್ಲ.

ಹೊರಡುವಾಗ ಆಕೆ ಇನ್ನೊಂದು ಮಾತು ಹೇಳಿದಳು. ಈ ಸಲದ ಗಾಜಿನಲ್ಲಿ ಕೋಶಗಳು ಸಾಕಷ್ಟು ಬಂದಿವೆ, ಅದಕ್ಕೇ ಇಷ್ಟು ಸ್ಪಷ್ಟವಾಗಿ ಕಂಡಿತು. ಹಿಂದಿನವು ಸರಿಯಾಗಿದ್ದರೂ ಅವುಗಳಲ್ಲಿ ಸಿಗುತ್ತಿತ್ತೋ ಇಲ್ಲವೋ, ಹೇಳಲಾಗದು ಎಂದಳು. ಅದು ನಿಜವೋ, ಮೊದಲು ಬೈದದ್ದಕ್ಕೆ ಸಮಾಧಾನದ ಮಾತೋ, ನನಗೆ ಗೊತ್ತಾಗಲಿಲ್ಲ.

ಆಪರೇಷನ್ ಆಯಿತು. ಎದ್ದು ಬಂದರು. ಹೊಟ್ಟೆಯ ಮೇಲೆ ಅಡ್ಡಕ್ಕೆ ಇಷ್ಟುದ್ದ ಹೊಲಿಗೆ. ಅದನ್ನು ತೋರಿಸಿ, "ಭೂಸನೂರ ರೋಡ್ ನೋಡ್ರಿ, ಕಬ್ಬಿನ ಟ್ರಾಕ್ಟರ್ ಹೋಗಿ ಹೋಗಿ ಹಿಂಗಾಗೇದ," ಎಂದು ಬಂದವರಿಗೆಲ್ಲ ಹೇಳುವರು. ಗಾಡಿಯ ಮೇಲಿನ ಡ್ಯೂಟಿ ಆಗಲಿಲ್ಲ. ಬಸ್ ನಿಲ್ದಾಣದಲ್ಲಿ ಕುಳಿತು ಬರುವ ಹೋಗುವ ಗಾಡಿ ಬರೆದುಕೊಳ್ಳುವ ಕೆಲಸ ಕೊಟ್ಟರು. ಮಧ್ಯಾಹ್ನ ಬುತ್ತಿ ಒಯ್ದು ನಾನೂ ಅಲ್ಲೇ ಸ್ವಲ್ಪ ಹೊತ್ತು ಕುಳಿತಿರುತ್ತಿದ್ದೆ. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ಅವರನ್ನು ಅಷ್ಟು ನೋಡಿದ್ದು ಆಗಲೇ. ಬೇರೆ ಹೆಂಗಸರಿಗೆ ಇಪ್ಪತ್ತು ವರ್ಷದಲ್ಲಿ ಸಿಗುವುದು ನನಗೆ ಆ ದಿನಗಳಲ್ಲಿ ಸಿಕ್ಕಿತು ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಒಮ್ಮೊಮ್ಮೆ ಹಾಗೆ ಅನ್ನಿಸುವುದಿಲ್ಲ.

ಎರಡು ವರ್ಷಕ್ಕೆ ಎರಡು ತಿಂಗಳು ಕಡಿಮೆ ಇದ್ದರು. ಬೇನೆ ಮತ್ತೆ ಬಂತು. ಈ ಸಲ ಯಾವ ಬ್ರಷ್ಷೂ ಬೇಡ, ಗಾಜೂ ಬೇಡ ಎಂದರು. ಮನೆಯಲ್ಲೇ, ಅವ್ವನ ತೊಡೆಯ ಮೇಲೆ ತಲೆ, ನನ್ನ ಕೈಯಲ್ಲಿ ಕಾಲು. ಹೋಗುವುದಕ್ಕೆ ಕೆಲವು ದಿನ ಮೊದಲು, ಅತ್ತೆ ಹೊರಗೆ ಹೋದಾಗ, "ನೀ ಅಕೀ ಜೋಡಿ ಮಾತಾಡವಲ್ಲಿ," ಎಂದರು.

"ಮಾತಾಡ್ತೇನಲ್ರಿ."

"ಹೂಂ, ಊಹೂಂ. ಅದು ಮಾತೇನು?"

ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಹೇಳಿರಲಿಲ್ಲ. ಆದರೆ ಹೇಳದೆ ಇಟ್ಟುಕೊಂಡದ್ದು ಬೆಳೆದು ಬೆಳೆದು, ಅತ್ತೆಗೆ ಬೇರೆ ಮಾತು ಹೇಳಲೂ ನನ್ನ ಬಾಯಲ್ಲಿ ಜಾಗ ಉಳಿದಿರಲಿಲ್ಲ. ಆ ಮೂರು ವಾರ ತಡವಾಗದಿದ್ದರೆ ಇನ್ನೊಂದು ವರ್ಷ ಇರುತ್ತಿದ್ದರೇನೋ ಎಂದು ಪಾತ್ರೆ ತೊಳೆಯುವಾಗ, ರೊಟ್ಟಿ ಬಡಿಯುವಾಗ ಎಣಿಸುತ್ತಿದ್ದೆ. ಡಾಕ್ಟರರು ಮೂರು ವಾರದಿಂದ ಏನೂ ಆಗಿಲ್ಲ ಎಂದಿದ್ದರು. ಡಾಕ್ಟರರ ಮಾತು ತಲೆಗೆ ಮುಟ್ಟಿತ್ತು, ಅದರ ಕೆಳಗೆ ಇಳಿದಿರಲಿಲ್ಲ.

ಅವರು ಹೋಗಿ ಮೊದಲ ತೊಗರಿ ಸುಗ್ಗಿ. ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಾವಿಬ್ಬರೂ ಮೊರದಲ್ಲಿ ಬೇಳೆ ಕೇರುತ್ತಿದ್ದೆವು. ಅತ್ತೆ ಕೈ ನಿಲ್ಲಿಸಿದರು.

"ಒಂದು ಮಾತು ನಿನಗ ಹೇಳಿಲ್ಲ ನಾ. ನೀ ಬೈತಿ ಅಂತ ಹೇಳಿಲ್ಲ."

ನಾನು ಮೊರ ಅಲುಗಾಡಿಸುತ್ತಲೇ ಇದ್ದೆ.

"ಅವತ್ತು ಮುಂಬಯಿಗಿ ಶೀಸಿ ಒಯ್ದ್ರೆಲ್ಲ, ಅದರಾಗ ಸೆರಿ ವಾಸನಿ ಬಂತು. ನಾ ಚೆಲ್ಲಿಬಿಟ್ಟೆ. ಘತ್ತರಗಿ ಗಂಗಿ ಹಾಕಿ ಕಳಿಸಿದೆ. ಮೂರು ತಿಂಗಳ ಅಂದಿದ್ರು ಮಂದಿ, ಎರಡು ವರ್ಷ ಇದ್ದ ನನ್ನ ಮಗ. ಬೇಳ್ಯಾಗ ಕಲ್ಲ ಆರಿಸ್ದಂಗ ಆ ತಾಯಿ ಅವನ ಮೈಯಾಗಿನ ಹೊಲಸು ಆರಿಸಿ ತೆಗದ್ಲು. ಪೂರಾ ತೆಗಿಯಾಕ ಅಕಿಗೂ ಆಗಲಿಲ್ಲ, ಖರೆ. ಆದ್ರ ಎರಡು ವರ್ಷ ಕೊಟ್ಲು. ಹೌದಲ್ಲೊ ಬೇ?"

ಅವರ ಮುಖವನ್ನು ನಾನು ಬಹಳ ದಿನದ ಮೇಲೆ ನೋಡಿದೆ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಕಣ್ಣುಗಳು ನನ್ನ ಬಾಯಿಯನ್ನೇ ಕಾಯುತ್ತಿದ್ದವು. ಎರಡು ವರ್ಷ ನಾನು ಯಾವುದನ್ನು ಅವರ ಅಪರಾಧವೆಂದು ಹೊತ್ತು ತಿರುಗಿದ್ದೆನೋ, ಅದನ್ನೇ ಅವರು ಮಗನಿಗೆ ತಾವು ಕೊಟ್ಟ ಒಂದೇ ಒಂದು ಔಷಧವೆಂದು ಎದೆಗೆ ಕಟ್ಟಿಕೊಂಡು ಬದುಕಿದ್ದರು. ಲ್ಯಾಬಿನ ಹೆಂಗಸು ಹೇಳಿದ್ದು ನೆನಪಾಯಿತು. ಮೊದಲ ಗಾಜು ಉಳಿದಿದ್ದು, ಅದರಲ್ಲಿ ಬಣ್ಣ ಕಾಣದೆ, ಕೊಯ್ಯುವುದು ಬೇಡವೆಂದು ಬಿಟ್ಟಿದ್ದರೆ? ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

"ಹೌದ್ರಿ ಅತ್ತೀ," ಎಂದೆ.

ಅವರು ತಲೆಯಾಡಿಸಿ ಮತ್ತೆ ಬೇಳೆಗೆ ಕೈ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ನೋಡದೆಯೇ ಕೇಳಿದರು: "ಮತ್ತ ಅವತ್ತಿನಿಂದ ನನ್ನ ಜೋಡಿ ಮಾತ್ ಯಾಕ ಬಿಟ್ಟಿದ್ದಿ ನೀ?"

ಗೊತ್ತಿತ್ತು ಅವರಿಗೆ. ಎರಡು ವರ್ಷವೂ ಗೊತ್ತಿತ್ತು. ನಾನು ಮೊರ ಕೆಳಗಿಟ್ಟೆ. ಕೊಟ್ಟ ಮಾತು ಒಂದು ಕಡೆ, ಸುಳ್ಳು ಇನ್ನೊಂದು ಕಡೆ. ಎರಡಕ್ಕೂ ಸೇರದ ಒಂದು ಮಾತು ನನ್ನೊಳಗಿಂದ ತಾನಾಗಿ ಬಂತು.

"ನನಗ ಭಾಳ ಅಂಜಿಕಿ ಆಗಿತ್ರಿ ಅತ್ತೀ."

ಅದು ನಿಜವೇ ಆಗಿತ್ತು. ಆಡಿದ ಮೇಲೆಯೇ ನನಗೂ ತಿಳಿದದ್ದು.

"ಹುಚ್ಚಿ," ಎಂದರು ಅತ್ತೆ. "ಅಂಜಿಕಿ ಆದ್ರ ಹತ್ರ ಬರಬೇಕು. ನಾನೂ ಒಬ್ಬಾಕಿನೇ ಅಂಜಾಕತ್ತಿದ್ನೆಲ್ಲ ಬೇ."

ಅವರು ಪಕ್ಕಕ್ಕೆ ಸರಿದು ಗೋಣಿತಟ್ಟಿನ ಮೇಲೆ ಜಾಗ ಮಾಡಿದರು. ನಾನು ನನ್ನ ಮೊರ ಎತ್ತಿಕೊಂಡು ಹೋಗಿ ಅಲ್ಲಿ ಕುಳಿತೆ.